ಎಡಗಡೆ ಇಳಿದ ಕಿಲ್ಟು

ನಮ್ಮ ಪೋರ್ಟ್‌ಡಾರಿಯಲ್ಲಿ ಗಂಡಸು ಕಿಲ್ಟು, ಅಂದರೆ ಮಂಡಿಯವರೆಗಿನ ಚೌಕಳಿ ನೆರಿಗೆಯ ಲಂಗ, ಉಡಬೇಕಾದರೆ ಅದಕ್ಕೊಂದು ಕಾರಣ ಇರಬೇಕು. ಮದುವೆ ಇರಬೇಕು, ಇಲ್ಲವೇ ಸಾವಾಗಿರಬೇಕು, ಅದೆರಡೂ ಇಲ್ಲದಿದ್ದರೆ ರಗ್ಬಿ ಪಂದ್ಯವಾದರೂ ಇರಬೇಕು. ಬಿಸ್ಕತ್ತಿನ ಡಬ್ಬಿಯ ಮೇಲಿನ ಚಿತ್ರ ನೋಡಿ, ಸ್ಕಾಟ್ಲೆಂಡಿನ ಗಂಡಸರು ಹಾಸಿಗೆಯಿಂದ ಏಳುವುದೇ ಕಿಲ್ಟಿನಲ್ಲಿ ಎಂದು ನಂಬಿಕೊಂಡವರಿಗೆ ನಾನೇನೂ ಹೇಳಲಾರೆ. ನಾವು ಕೆಲಸಕ್ಕೆ ಹೋಗುವುದು ಬೂದು ಬಣ್ಣದ ಪ್ಯಾಂಟಿನಲ್ಲಿ. ನಮ್ಮ ಆಕಾಶ ಬೂದು, ಸಮುದ್ರ ಬೂದು, ಮನೆಗಳ ಕಲ್ಲು ಬೂದು. ಅದಕ್ಕೆ ಹೊಂದಿಕೊಂಡು ಹೋಗಲೆಂದು ಪ್ಯಾಂಟೂ ಬೂದು. ಕಿಲ್ಟು ಮಾತ್ರ ಬೀರುವಿನಲ್ಲಿ ನುಸಿಗುಳಿಗೆಯ ಜೊತೆ ಮಲಗಿದ್ದು, ಊರಿಗೆಲ್ಲ ಗೊತ್ತಿರುವ ಕಾರಣಕ್ಕೆ, ಊರಿಗೆಲ್ಲ ಗೊತ್ತಿರುವ ದಿನ ಹೊರಗೆ ಬರುತ್ತದೆ.

ಹೀಗಿರುವಾಗ ಮಾರ್ಚ್ ತಿಂಗಳ ಒಂದು ಸೋಮವಾರ ಕಸದ ಡಬ್ಬಿ ವಿಭಾಗದ ಮುರ್ಡೋ ಗಿಲ್‌ಕ್ರಿಸ್ಟ್ ಯಾವ ಕಾರಣವನ್ನೂ ತಿಳಿಸದೆ ಕಿಲ್ಟು ಉಟ್ಟು ಕೆಲಸಕ್ಕೆ ಬಂದುಬಿಟ್ಟ. ಊರು ತನ್ನ ಕೆಲಸ ಬಿಟ್ಟು ಕಾರಣ ಹುಡುಕಲು ಕೂತಿತು. ಸಿಗಲಿಲ್ಲ. ಸಿಗದಿದ್ದ ಮೇಲೆ ತಾನೇ ಒಂದನ್ನು ಹುಟ್ಟಿಸಿತು.

ಮುರ್ಡೋ ಬಗ್ಗೆ ಸ್ವಲ್ಪ ಹೇಳಬೇಕು. ಅವನಿಗೆ ಐವತ್ತೆಂಟು ವರ್ಷ. ಮದುವೆಯಾಗಿಲ್ಲ. ನಮ್ಮ ಪಟ್ಟಣದ ಕಚೇರಿಯಲ್ಲಿ ಕಸದ ಡಬ್ಬಿಗಳ ದೂರು ಕೇಳುವ ಮೇಜು ಅವನದು. ಎದುರಿನದು, ಗಾಡಿ ನಿಲ್ಲಿಸುವ ಪರವಾನಗಿ ಕೊಡುವ ಮೇಜು, ನನ್ನದು. ಬೆಳಗಿನಿಂದ ಸಂಜೆಯವರೆಗೆ ಅವನು ಫೋನಿನಲ್ಲಿ 'ನಿಮ್ಮದು ನೀಲಿ ಡಬ್ಬಿಯಾ, ಕಂದು ಡಬ್ಬಿಯಾ?' ಎಂದು ಕೇಳುವುದನ್ನು ಕೇಳಿ ಕೇಳಿ ನನಗೆ ಕನಸಿನಲ್ಲೂ ಡಬ್ಬಿಗಳೇ ಬರುತ್ತವೆ. ಅವನೂ ಅವನ ಅಕ್ಕ ಇಸಾಳೂ ಹುಟ್ಟಿದಂದಿನಿಂದ ಒಂದೇ ಮನೆಯಲ್ಲಿದ್ದವರು. ಅವನ ಅಡುಗೆ, ಬಟ್ಟೆ, ಕಾಲರು, ಗುಂಡಿ, ಎಲ್ಲ ಇಸಾ ನೋಡಿಕೊಳ್ಳುತ್ತಿದ್ದಳು. ಇಸಾಗೆ ಅರವತ್ತು ದಾಟಿದ ಮೇಲೆ ಒಂದು ಘಟನೆ ನಡೆಯಿತು. ಎಲ್ಗಿನ್ನಿನಿಂದ ವಾಲ್ಟರ್ ಎಂಬ ಒಬ್ಬ ಪಿಯಾನೋ ಶ್ರುತಿ ಮಾಡುವವನು ಅವರ ಮನೆಗೆ ಮತ್ತೆ ಮತ್ತೆ ಬಂದು ಹೋಗತೊಡಗಿದ. ಅವರ ಮನೆಯಲ್ಲಿ ಪಿಯಾನೋ ಇರಲಿಲ್ಲ. ಆದರೂ ಮುರ್ಡೋಗೆ ಅನುಮಾನ ಬರಲಿಲ್ಲ. ಹೋದ ಅಕ್ಟೋಬರಿನಲ್ಲಿ ಇಸಾ ವಾಲ್ಟರನನ್ನು ಮದುವೆಯಾಗಿ ಎಲ್ಗಿನ್ನಿಗೆ ಹೋದಳು.

"ನೀನು ಒಬ್ನೇ ಹೇಗೋ ಇರ್ತೀಯ?" ಎಂದು ಅವಳು ಚರ್ಚಿನ ಬಾಗಿಲಲ್ಲೇ ಅತ್ತಳು.

"ನಿನಗಿಂತ ಚೆನ್ನಾಗಿ ಮನೆ ನಡೆಸ್ತೀನಿ, ನೋಡ್ತಿರು," ಅಂದ ಮುರ್ಡೋ.

ಅಂದಿದ್ದೇ ತಪ್ಪಾಯಿತು. ಅಂದ ಮಾತನ್ನು ಉಳಿಸಿಕೊಳ್ಳಬೇಕಲ್ಲ. ಇಸಾ ಭಾನುವಾರ ಭಾನುವಾರ ಫೋನು ಮಾಡಿ "ಬರ್ಲೇನೋ?" ಅನ್ನುವಳು, ಇವನು "ಯಾಕೆ? ಎಲ್ಲ ಅಚ್ಚುಕಟ್ಟಾಗಿದೆ, ಬರಬೇಡ" ಅನ್ನುವನು. ಫೋನು ಇಟ್ಟು ಡಬ್ಬಿಯ ಸೂಪು ಬಿಸಿ ಮಾಡಿಕೊಂಡು ಅದೇ ಪಾತ್ರೆಯಲ್ಲೇ ಕುಡಿಯುವನು. ಸೋಮವಾರ ಬಂದು ನಮಗೆಲ್ಲ ಉಪದೇಶ. "ನಿನ್ನೆ ಹೊಗೆ ಹಾಕಿದ ಮೀನಿನ ಸಾರು ಮಾಡಿದ್ದೆ. ಗಂಡಸರು ಯಾಕೆ ಹೆದರ್ತಾರೋ ಗೊತ್ತಿಲ್ಲ. ವಾಷಿಂಗ್ ಮೆಷೀನು ಅಂದ್ರೆ ಏನು? ಶಿಸ್ತು. ಅಷ್ಟೇ." ನಾವು ತಲೆಯಾಡಿಸುತ್ತಿದ್ದೆವು. ನನ್ನ ಹೆಂಡತಿಗೆ ಇದನ್ನು ಹೇಳಿದಾಗ ಅವಳು ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ, ಕಾಲರು ಸರಿಮಾಡಿ, ಗಲ್ಲಕ್ಕಂಟಿದ್ದ ಮೊಟ್ಟೆ ಒರೆಸಿ, "ಪಾಪ ಆ ಮನುಷ್ಯ" ಅಂದಳು.

ಆ ಶಿಸ್ತಿನ ಮೆಷೀನು ಭಾನುವಾರ ಸಂಜೆ ಕೈಕೊಟ್ಟಿತು. ಮುರ್ಡೋ ತನ್ನ ಮೂರೂ ಬೂದು ಪ್ಯಾಂಟುಗಳನ್ನು ಒಟ್ಟಿಗೆ ಹಾಕಿದ್ದ. ಮೆಷೀನು ಅರ್ಧ ಸುತ್ತಿ, ಒಂದು ಸಲ ಕೆಮ್ಮಿ, ನಿಂತುಬಿಟ್ಟಿತು. ಒಳಗೆ ನೀರು ತುಂಬಿತ್ತು, ಬಾಗಿಲು ತೆರೆಯಲಿಲ್ಲ. ದುಂಡನೆಯ ಗಾಜಿನ ಹಿಂದೆ ಅವನ ಪ್ಯಾಂಟುಗಳು ನಿಧಾನಕ್ಕೆ ತೇಲುತ್ತಿದ್ದವು. ಮುರ್ಡೋ ಪೈಜಾಮದಲ್ಲಿ ಅದರ ಮುಂದೆ ಕೂತು ಮೊದಲು ಗುಂಡಿ ಒತ್ತಿದ, ಆಮೇಲೆ ತಟ್ಟಿದ, ಆಮೇಲೆ ಒದ್ದ, ಕೊನೆಗೆ ಬೇಡಿಕೊಂಡ. ಇಸಾಗೆ ಫೋನು ಮಾಡಿದ್ದರೆ ಒಂದೇ ಮಾತಿನಲ್ಲಿ ಬಗೆಹರಿಯುತ್ತಿತ್ತು. ಅವನು ಫೋನು ಎತ್ತಿದ, ಇಟ್ಟ. ಮತ್ತೆ ಎತ್ತಿದ, ಮತ್ತೆ ಇಟ್ಟ. ಫೋನು ಮಾಡಿದರೆ ಐದು ತಿಂಗಳ ಮೀನಿನ ಸಾರೆಲ್ಲ ಸುಳ್ಳಾಗುತ್ತಿತ್ತು.

ಬೆಳಿಗ್ಗೆ ಬೀರು ತೆಗೆದರೆ ಸೊಂಟದ ಕೆಳಗೆ ಉಡುವಂಥದ್ದು ಇದ್ದದ್ದು ಒಂದೇ. ಅಕ್ಕನ ಮದುವೆಗೆ ಉಟ್ಟಿದ್ದ ಕಿಲ್ಟು.

ಉಡಬಹುದು, ಆದರೆ ಉಡಿಸುವವರು ಬೇಕು. ಕಿಲ್ಟಿಗೆ ಸೊಂಟದ ಎರಡೂ ಬದಿಯಲ್ಲಿ ಬಕಲ್ಲುಗಳು. ಎಡಗಡೆಯದು ಕಿಂಡಿಯೊಳಗಿಂದ ತೂರಿ ಬರಬೇಕು, ಸರಿಯಾದ ತೂತಿಗೇ ಸಿಕ್ಕಬೇಕು. ಇಲ್ಲದಿದ್ದರೆ ಒಂದು ಕಡೆ ಇಳಿಯುತ್ತದೆ. ಇಷ್ಟು ವರ್ಷ ಇಸಾ ಅವನ ಮುಂದೆ ಮಂಡಿಯೂರಿ, ಬಾಯಲ್ಲಿ ಪಿನ್ನು ಕಚ್ಚಿಕೊಂಡು, ಅವನನ್ನು ಬುಗುರಿಯ ಹಾಗೆ ಸುತ್ತಿಸಿ ನೆರಿಗೆ ಸರಿಮಾಡುತ್ತಿದ್ದಳು. ಈಗ ಮುರ್ಡೋ ತಾನೇ ಸುತ್ತಿದ, ತಾನೇ ಕಟ್ಟಿದ. ಕನ್ನಡಿ ಸ್ನಾನದ ಮನೆಯದು, ಎದೆಯವರೆಗೆ ಮಾತ್ರ ತೋರಿಸುತ್ತಿತ್ತು. ಎದೆಯವರೆಗೆ ಎಲ್ಲ ಸರಿಯಾಗಿತ್ತು. ಮುಂದೆ ತೂಗುವ ಚರ್ಮದ ಚೀಲ ಸ್ಪೊರನ್ ಕಟ್ಟಿದ. ಕಾಲುಚೀಲದಲ್ಲಿ ಪುಟ್ಟ ಚಾಕು ಸಿಕ್ಕಿಸುವುದು ಪದ್ಧತಿ. ಕಚೇರಿಗೆ ಚಾಕು ಬೇಡವೆಂದು ಅಲ್ಲಿ ಪೆನ್ನು ಸಿಕ್ಕಿಸಿದ. ಟೈ ಹುಡುಕಿದ. ಸಿಕ್ಕಿದ್ದು ಸಾವಿನ ಮನೆಗೆ ಕಟ್ಟುವ ಕಪ್ಪು ಟೈ. ಕಟ್ಟಿಕೊಂಡ.

ಅದೇ ಮಹಡಿಯ ಎದುರು ಬಾಗಿಲಿನ ಮಿಸೆಸ್ ಲೀಪರ್ ಹಾಲಿನ ಬಾಟಲಿ ತೆಗೆದುಕೊಳ್ಳಲು ಬಾಗಿಲು ತೆರೆದವರು, ಮೆಟ್ಟಿಲ ಮೇಲೆ ಕಿಲ್ಟು ಮತ್ತು ಕಪ್ಪು ಟೈ ನೋಡಿ ಬಾಟಲಿಯನ್ನು ಎದೆಗೊತ್ತಿಕೊಂಡರು.

"ದೇವರೇ! ಮುರ್ಡೋ, ಯಾರಪ್ಪ? ಯಾವಾಗ?"

ರಾತ್ರಿ ನಿದ್ದೆಯಿಲ್ಲದ ಮುರ್ಡೋನ ಕಣ್ಣು ಕೆಂಪಗಿತ್ತು. "ಆಮೇಲೆ ಹೇಳ್ತೀನಿ ಮಿಸೆಸ್ ಲೀಪರ್, ಬಸ್ಸಿಗೆ ಹೊತ್ತಾಯ್ತು," ಅಂದವನೇ ಇಳಿದು ಹೋದ.

ಮಿಸೆಸ್ ಲೀಪರ್ ಹಳೆಯ ಕಾಲದವರು. ಒಂದು ಮನೆಯಲ್ಲಿ ಸಾವಾದರೆ ಬೀದಿಯವರೆಲ್ಲ ಕಿಟಕಿಯ ಪರದೆ ಎಳೆಯಬೇಕು, ಅದು ನಮ್ಮಲ್ಲಿನ ಮರ್ಯಾದೆ. ಅವರು ಎಳೆದರು. ಅವರದು ನೋಡಿ ಕೆಳಮನೆಯವರು ಎಳೆದರು. ಎದುರು ಸಾಲಿನವರು ಯಾಕೆಂದು ಕೇಳದೆಯೇ ಎಳೆದರು. ಮುರ್ಡೋನ ಬಸ್ಸು ಬೀದಿಯ ತಿರುವು ದಾಟುವ ಹೊತ್ತಿಗೆ ಇಡೀ ಶೋರ್ ಸ್ಟ್ರೀಟು ಕಣ್ಣು ಮುಚ್ಚಿಕೊಂಡಿತ್ತು. ಬಸ್ಸಿನಲ್ಲೂ ಡ್ರೈವರು ಇವನನ್ನು ನೋಡಿ ರೇಡಿಯೋ ಆರಿಸಿದ. ಒಬ್ಬ ಮುದುಕ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಪಕ್ಕದ ಹೆಂಗಸು ಸುಮ್ಮನೆ ಇವನ ಮೊಣಕೈ ಸವರಿದಳು. ಯಾರೂ ಸಾಯದಿದ್ದರೂ ಮುರ್ಡೋ ತಲೆಬಾಗಿಸಿ ಅದನ್ನೆಲ್ಲ ಸ್ವೀಕರಿಸಿದ. ಇದು ಅತಿಯಾಯಿತೆಂದು ಕಪ್ಪು ಟೈ ಬಿಚ್ಚಿ ಸ್ಪೊರನ್ನಿನೊಳಗೆ ತುರುಕಿದ.

ಸಾವು ಅಲ್ಲಿಗೆ ತೀರಿತು. ಇನ್ನು ಉಳಿದದ್ದು ಮದುವೆ.

ಕಚೇರಿಯ ಬಾಗಿಲಲ್ಲಿ ಅವನನ್ನು ಮೊದಲು ನೋಡಿದವಳು ರೋನಾ. ತೆರಿಗೆ ಮೇಜಿನ ರೋನಾ ಮ್ಯಾಥಿಸನ್ ಅಂದರೆ ನಮ್ಮಲ್ಲಿ ಹುಟ್ಟುಹಬ್ಬ, ಬೀಳ್ಕೊಡುಗೆ, ಹೆರಿಗೆಗಳೆಲ್ಲದರ ಖಾತೆ ಇದ್ದ ಹಾಗೆ.

"ಅಯ್ಯೋ, ಮುರ್ಡೋ! ಏನ್ ಚೆನ್ನಾಗ್ ಕಾಣ್ತಿದ್ದೀಯೋ! ಯಾರ ಮದ್ವೆ?"

ನಮ್ಮಲ್ಲಿ ಸಂಜೆ ಮದುವೆಯಿದ್ದರೆ ಬೆಳಿಗ್ಗೆಯೇ ಕಿಲ್ಟು ಉಟ್ಟು ಕೆಲಸಕ್ಕೆ ಬಂದು, ಅಲ್ಲಿಂದಲೇ ಹೋಗುವುದುಂಟು. ಆದ್ದರಿಂದ ಪ್ರಶ್ನೆ ಸಹಜವಾಗಿತ್ತು. ಉತ್ತರವೂ ಸುಲಭವಾಗಿತ್ತು. 'ಯಾರದೂ ಅಲ್ಲ, ನನ್ನ ಪ್ಯಾಂಟು ಮೆಷೀನಿನಲ್ಲಿ ಸಿಕ್ಕಿಕೊಂಡಿದೆ' ಅಂದಿದ್ದರೆ ನಾವು ಅರ್ಧ ಗಂಟೆ ನಕ್ಕು ಬಿಡುತ್ತಿದ್ದೆವು. ಮುರ್ಡೋ ಸುತ್ತ ನೋಡಿದ. ಶಿಸ್ತಿನ ಉಪದೇಶ ಕೇಳಿದ ಮುಖಗಳೆಲ್ಲ ಅಲ್ಲೇ ಇದ್ದವು.

"ಸಂಜೆ ಒಂದು... ಸಣ್ಣದು ಇದೆ," ಅಂದ.

"ಯಾರದೋ?"

"ನಮ್ಮ ಕಡೇದೇ."

ರೋನಾ ತನ್ನ ಮೇಜಿಗೆ ಹೋಗಿ ಕೂತು ತರ್ಕಶಾಸ್ತ್ರ ಶುರುಮಾಡಿದಳು. ಮುರ್ಡೋ ಕಡೆಯವರು ಅಂದರೆ ಇಸಾ ಒಬ್ಬಳೇ. ಇಸಾಗೆ ಮದುವೆಯಾಗಿಹೋಗಿದೆ. ಇಸಾಳನ್ನು ಬಿಟ್ಟರೆ ಮುರ್ಡೋ ಕಡೆ ಉಳಿಯುವುದು ಮುರ್ಡೋ. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಹುಡುಗಿ ಯಾರೆಂಬುದಕ್ಕೂ ಅವಳಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ವಾರ ವಾರ ಫೋನು ಮಾಡಿ, ಬೇರೆ ಯಾರ ಜೊತೆಗೂ ಮಾತಾಡದೆ, 'ಮಿಸ್ಟರ್ ಗಿಲ್‌ಕ್ರಿಸ್ಟ್ ಅವರನ್ನೇ ಕರೆಯಿರಿ' ಅನ್ನುವ ಒಬ್ಬರಿದ್ದರು. ಕಂದು ಡಬ್ಬಿಯ ಮಿಸ್ ಕ್ರೂಕ್‌ಶ್ಯಾಂಕ್.

"ಹೋದ ವಾರ ಇವನು ಏನಂದ ಗೊತ್ತಾ?" ಎಂದು ರೋನಾ ನನ್ನ ಕಿವಿಯಲ್ಲಿ ಉಸುರಿದಳು. "'ನೀವು ಯೋಚನೆ ಮಾಡಬೇಡಿ, ನಾನೇ ಬಂದು ಮುಚ್ಚಳ ನೋಡ್ತೀನಿ' ಅಂದ. ಡಬ್ಬಿ ಮುಚ್ಚಳ ನೋಡಕ್ಕೆ ಯಾರಾದ್ರೂ ಮನೆಗೆ ಹೋಗ್ತಾರಾ?"

ಅಷ್ಟರಲ್ಲಿ ನಮ್ಮ ಹೊಸ ಮೇಲಧಿಕಾರಿ ಮಿಸ್ಟರ್ ಪೆನ್‌ರೋಸ್ ಹೊರಗೆ ಬಂದರು. ಇಂಗ್ಲೆಂಡಿನ ದಕ್ಷಿಣ ತುದಿಯವರು, ಬಂದು ಹೆಚ್ಚು ದಿನವಾಗಿಲ್ಲ, ಒಳ್ಳೆಯವರು, ಆದರೆ ನಮ್ಮ ಮನಸ್ಸು ಎಲ್ಲಿ ನೋಯುತ್ತದೋ ಎಂದು ಸದಾ ನಡುಗುತ್ತಿರುವವರು. ಹಿಂದಿನ ವಾರವಷ್ಟೇ ಅವರು ಉಡುಪಿನ ಬಗ್ಗೆ ಸುತ್ತೋಲೆ ಹೊರಡಿಸಿದ್ದರು: ಕಚೇರಿಯಲ್ಲಿ ಮಂಡಿ ಕಾಣಬಾರದು. ಈಗ ಮುರ್ಡೋನ ಎರಡು ಬಿಳಿ ಮಂಡಿಗಳು ಅವರ ಎದುರಿಗೇ ಕೂತಿದ್ದವು.

ಅವರು ಮೆಲ್ಲಗೆ ನನ್ನ ಹತ್ತಿರ ಬಂದರು. "ಇವತ್ತೇನಾದರೂ... ನಿಮ್ಮ ಕಡೆ ಹಬ್ಬವಾ? ನಾನು ಮರೆತೆನಾ? ನನಗೆ ಯಾರೂ ಹೇಳಲಿಲ್ಲ."

"ಹಬ್ಬ ಅಲ್ಲ ಸಾರ್, ಮದುವೆ," ಅಂದಳು ರೋನಾ. "ಅವನದೇ!"

"ಸ್ವಂತ ಮದುವೆ ದಿನ ಕೆಲಸಕ್ಕೆ ಬಂದಿದ್ದಾರಾ?" ಮಿಸ್ಟರ್ ಪೆನ್‌ರೋಸರ ಕಣ್ಣು ಒದ್ದೆಯಾಯಿತು. ರಾಷ್ಟ್ರೀಯ ಉಡುಪಿನಲ್ಲಿ ಕಾಣುವ ಮಂಡಿಯನ್ನು ಮಂಡಿಯೆಂದು ಪರಿಗಣಿಸತಕ್ಕದ್ದಲ್ಲವೆಂದು ಅವರು ಅಲ್ಲೇ ಬಾಯಿಮಾತಿನ ತಿದ್ದುಪಡಿ ಮಾಡಿದರು.

ನಾನು ಮುರ್ಡೋನನ್ನು ಚಹಾ ಮಾಡುವ ಮೂಲೆಗೆ ಎಳೆದುಕೊಂಡು ಹೋದೆ. "ಏನಯ್ಯ ಇದು? ನಿನ್ನದೇ ಮದುವೆ ಅಂತ ಕೂತಿದ್ದಾರೆ ಅಲ್ಲಿ. ನಿಜಾನಾ?"

ಅವನು ಕೆಟಲಿನ ಕಡೆ ನೋಡುತ್ತ ಎಲ್ಲವನ್ನೂ ಹೇಳಿದ. ಮೆಷೀನು, ಗಾಜು, ತೇಲುವ ಪ್ಯಾಂಟು, ಕಪ್ಪು ಟೈ. ನಾನು ನಗಲು ಬಾಯಿ ತೆರೆದವನು ಅವನ ಮುಖ ನೋಡಿ ಮುಚ್ಚಿಕೊಂಡೆ.

"ಹೋಗಿ ಹೇಳಿಬಿಡು," ಅಂದೆ. "ಈಗಲೇ. ಇನ್ನೂ ತಡ ಮಾಡಿದ್ರೆ ಕೆಟ್ಟುಹೋಗತ್ತೆ."

"ಹೇಳ್ತೀನಿ. ಹೇಳೇ ಹೇಳ್ತೀನಿ." ಅವನು ಕೆಟಲಿನ ಮುಚ್ಚಳ ತೆಗೆದು ಮುಚ್ಚಿದ. "ಬೆಳಗಿಂದ ಎಲ್ರೂ ಬಂದು ಮಾತಾಡಿಸಿದ್ರು ಕಣೋ. ರೋನಾ ಕೈ ಹಿಡ್ಕೊಂಡ್ಲು. ಲೆಕ್ಕದ ವಿಭಾಗದೋರು, ನನ್ನ ಹೆಸರೂ ಗೊತ್ತಿಲ್ಲದೋರು, ಬಂದು ಬೆನ್ನು ತಟ್ಟಿದ್ರು. ಭಾನುವಾರ ಇಡೀ ದಿನ ನಾನು ಬಾಯಿ ಬಿಟ್ಟಿದ್ದು ಆ ಮೆಷೀನಿನ ಹತ್ರ ಮಾತ್ರ. ಇನ್ನೊಂದು ಸ್ವಲ್ಪ ಹೊತ್ತು ಹೀಗೇ ಇರಲಿ. ಕೇಕು ತಿಂದ್ಮೇಲೆ ಹೇಳ್ತೀನಿ."

ಕೇಕು ಬಂತು. ಮಿಸ್ಟರ್ ಪೆನ್‌ರೋಸ್ ಭಾಷಣ ಮಾಡಿದರು. ಪ್ರೀತಿ ಅಂದರೆ ಯಾವ ವಯಸ್ಸಿನಲ್ಲೂ ಬರಬಹುದಾದದ್ದು, ಕಸದ ಡಬ್ಬಿಯೂ ಅದಕ್ಕೆ ನೆಪವಾಗಬಹುದು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮುರ್ಡೋ ಎದ್ದು ನಿಂತು, "ನಾನು ಒಂದು ಮಾತು ಹೇಳಬೇಕು," ಅಂದ. ಹೇಳಿಯೇಬಿಡುತ್ತಿದ್ದನೋ ಏನೋ. ಆದರೆ ಆಗ ಹಿತ್ತಲಿನಿಂದ ಕಸದ ಲಾರಿಯ ಹಾರ್ನು ಕೇಳಿಸಿತು.

ಬೇರೆ ಊರುಗಳಲ್ಲಿ ಮುಖಕ್ಕೆ ಮಸಿ ಬಳಿದರೆ ಅವಮಾನ. ನಮ್ಮ ಕರಾವಳಿಯಲ್ಲಿ ಅದು ಮದುಮಗನಿಗೆ ಸಲ್ಲುವ ಮರ್ಯಾದೆ. ಮದುವೆಗೆ ಮುಂಚೆ ಗೆಳೆಯರು ಅವನನ್ನು ಹಿಡಿದು, ಕಾಕಂಬಿ, ಮಸಿ, ಹಿಟ್ಟು, ಕೋಳಿಪುಕ್ಕ ಎಲ್ಲ ಬಳಿದು, ಲಾರಿಯ ಹಿಂದೆ ನಿಲ್ಲಿಸಿ, ಪಾತ್ರೆ ಬಡಿಯುತ್ತ ಊರು ಸುತ್ತಿಸುತ್ತಾರೆ. ಎಷ್ಟು ಹೆಚ್ಚು ಬಳಿದಿದ್ದರೆ ಅಷ್ಟು ಬೇಕಾದವನು ಎಂದು ಲೆಕ್ಕ. ಒಂದು ಹನಿಯೂ ಬೀಳದೆ ಮದುವೆಯಾದವನನ್ನು ನೋಡಿ ಜನ ಮರುಗುತ್ತಾರೆ.

ಕಸದ ಲಾರಿಯ ಮೇಸ್ತ್ರಿ ಡಾಡ್ ರಿಚೀ ಬಾಗಿಲು ತುಂಬ ನಿಂತಿದ್ದ. ಅವನ ಕೈಯಲ್ಲಿ ಬಕೆಟ್ಟು, ಹಿಂದೆ ಅವನ ಇಡೀ ತಂಡ.

"ಲೇ ಮುರ್ಡೋ! ಕಳ್ಳ ನನ್ಮಗನೇ! ನಮಗೆ ಹೇಳ್ದೆ ಮದ್ವೆ ಆಗ್ತೀಯಾ? ಇಪ್ಪತ್ತು ವರ್ಷದಿಂದ ಫೋನ್ ಮಾಡಿ 'ಆ ಬೀದಿ ಬಿಟ್ಟುಹೋಗಿದೆ, ಈ ಡಬ್ಬಿ ಎತ್ತಿಲ್ಲ' ಅಂತ ಪ್ರಾಣ ತಿಂದೋನು ನೀನು! ನಿನ್ನ ಬಿಡ್ತೀವಾ?"

ನಾನು ಮುರ್ಡೋ ಕಡೆ ನೋಡಿದೆ. ಈಗ ಹೇಳು ಎಂದು ಕಣ್ಣಲ್ಲೇ ತಿವಿದೆ. ಅವನು ನನ್ನ ಕಡೆ ನೋಡಲೇ ಇಲ್ಲ. ಬಕೆಟ್ಟಿನ ಕಡೆ ನೋಡುತ್ತಿದ್ದ.

"ಕಿಲ್ಟು ಒಳ್ಳೇದು ಕಣೋ, ಹಾಳಾಗತ್ತೆ," ಅಂದ. ಬೇಡ ಅನ್ನಲಿಲ್ಲ.

"ನಾವೇನು ಕಾಡುಜನಾನಾ?" ಅಂದ ಡಾಡ್. ದೊಡ್ಡ ಕಪ್ಪು ಕಸದ ಚೀಲಗಳಿಗೆ ತೂತು ಮಾಡಿ, ಕತ್ತಿನಿಂದ ಮಂಡಿಯವರೆಗೆ ಮುರ್ಡೋಗೆ ತೊಡಿಸಿದರು. ಆಮೇಲೆ ಉಳಿದ ಭಾಗವನ್ನು ಮನಸ್ಸಿಟ್ಟು ಬಳಿದರು. ತಲೆಗೆ ಕಾಕಂಬಿ, ಮುಖಕ್ಕೆ ಮಸಿ, ಮೇಲಿಂದ ಪುಕ್ಕ. ಮಿಸ್ಟರ್ ಪೆನ್‌ರೋಸ್ ಕಿಟಕಿಯಲ್ಲಿ ನಿಂತು, ಪೊಲೀಸರನ್ನು ಕರೆಯಬೇಕೋ ಚಪ್ಪಾಳೆ ತಟ್ಟಬೇಕೋ ತಿಳಿಯದೆ ಎರಡೂ ಕೈ ಎತ್ತಿಕೊಂಡೇ ಇದ್ದರು.

ಅವನನ್ನು ಒಬ್ಬನೇ ಬಿಡಬಾರದೆಂದು ನಾನೂ ಲಾರಿ ಹತ್ತಿದೆ. ಪಾತ್ರೆ ಬಡಿಯುತ್ತ, ಹಾರ್ನು ಹೊಡೆಯುತ್ತ ಲಾರಿ ಬಂದರಿನ ರಸ್ತೆಯಲ್ಲಿ ಹೊರಟಿತು. ಮೀನಿನ ಅಂಗಡಿಯವರು ಹೊರಗೆ ಬಂದು ಕೂಗಿದರು. ಹೆಂಗಸರು ಮಹಡಿಯಿಂದ ಕೈ ಬೀಸಿದರು. ಕಸದ ಚೀಲದಲ್ಲಿ ನಿಂತ ಮುರ್ಡೋ ಎಲ್ಲರಿಗೂ ಕೈ ಬೀಸಿದ.

"ನನ್ನ ಓರಗೆಯವರಿಗೆಲ್ಲ ಬಳಿದ್ರು," ಎಂದು ಅವನು ನನ್ನ ಕಿವಿಯ ಹತ್ತಿರ ಕೂಗಿದ. "ಎಷ್ಟು ಜನಕ್ಕೆ ನಾನೇ ಬಕೆಟ್ ಹಿಡಿದಿದ್ದೀನಿ. ನನಗೆ ಯಾರು ಬಳೀತಾರೆ ಅಂದ್ಕೊಂಡಿದ್ದೆ." ಮಸಿಯ ನಡುವೆ ಅವನ ಹಲ್ಲು ಬೆಳ್ಳಗೆ ಕಾಣುತ್ತಿತ್ತು. ಅಂಥ ಸಂತೋಷವನ್ನು ನಾನು ಆ ಮುಖದಲ್ಲಿ ಯಾವತ್ತೂ ನೋಡಿರಲಿಲ್ಲ. ನೋಡಿ ನನಗೆ ಸಂಕಟವಾಯಿತು.

ಮದುಮಗನನ್ನು ಅವನ ಬೀದಿಗೆ ಕರೆದುಕೊಂಡು ಹೋಗಲೇಬೇಕು, ಅದೂ ಪದ್ಧತಿ. ಲಾರಿ ಶೋರ್ ಸ್ಟ್ರೀಟಿಗೆ ತಿರುಗಿತು. ತಿರುಗಿದ ಕೂಡಲೇ ಪಾತ್ರೆಯ ಸದ್ದು ಒಂದೊಂದಾಗಿ ನಿಂತಿತು. ಬೀದಿಯ ಎರಡೂ ಕಡೆ ಎಲ್ಲ ಕಿಟಕಿಗಳ ಪರದೆ ಇಳಿದಿದ್ದವು. ಮುರ್ಡೋನ ಮನೆಯ ಮೆಟ್ಟಿಲ ಬುಡದಲ್ಲಿ ಮಿಸೆಸ್ ಲೀಪರ್ ಕಪ್ಪು ಟೋಪಿ ಹಾಕಿಕೊಂಡು, ದುಃಖದ ಮನೆಗೆಂದು ಮಾಡಿದ ಹಂದಿಮಾಂಸದ ಸ್ಯಾಂಡ್‌ವಿಚ್ಚಿನ ತಟ್ಟೆ ಹಿಡಿದು ನಿಂತಿದ್ದರು. ಅವರ ಪಕ್ಕದಲ್ಲಿ, ಆಗಷ್ಟೇ ಎಲ್ಗಿನ್ ಬಸ್ಸಿಳಿದು ಏದುಸಿರು ಬಿಡುತ್ತಿದ್ದವಳು ಇಸಾ.

ಮಿಸೆಸ್ ಲೀಪರ್ ಬೆಳಿಗ್ಗೆ ಯೋಚಿಸಿ ಯೋಚಿಸಿ ಕೊನೆಗೆ ಎಲ್ಗಿನ್ನಿಗೆ ಫೋನು ಮಾಡಿದ್ದರಂತೆ. ಮುರ್ಡೋ ಯಾರಿಗಾದರೂ ಅಳುವುದಾದರೆ ಅದು ಇಸಾ ಒಬ್ಬಳಿಗೇ; ಸತ್ತವಳು ಅವಳೇ ಇರಬೇಕು, ವಾಲ್ಟರನಿಗೆ ಸಮಾಧಾನ ಹೇಳೋಣವೆಂದು. ಫೋನು ಎತ್ತಿದವಳು ಇಸಾ. "ನಾನು ಚೆನ್ನಾಗಿದ್ದೀನಲ್ಲ!" ಅಂದಿದ್ದಾಳೆ. "ಹಾಗಾದ್ರೆ ಸತ್ತೋರು ಯಾರಮ್ಮ?" ಅಂದಿದ್ದಾರೆ ಇವರು. ಇಸಾ ಏಪ್ರನ್ನನ್ನೂ ಬಿಚ್ಚದೆ ಬಸ್ಸು ಹತ್ತಿದ್ದಳು. ಅದು ಕೋಟಿನ ಕೆಳಗೆ ಕಾಣುತ್ತಿತ್ತು.

ಅವಳು ಲಾರಿಯ ಮೇಲಿದ್ದ ಪುಕ್ಕದ ಪ್ರಾಣಿಯನ್ನು ನೋಡಿದಳು. ಕೆಳಗೆ ಇಣುಕುತ್ತಿದ್ದ ಚೌಕಳಿ ಅಂಚು ನೋಡಿದಳು.

"ಮುರ್ಡೋ?"

"ಅಕ್ಕ," ಅಂದಿತು ಪ್ರಾಣಿ.

"ಮದ್ವೆ ಆಗ್ತಿದ್ದೀಯಾ? ನನಗೆ ಹೇಳ್ದೆ?" ಇಸಾಳ ದನಿ ಬೀದಿಯ ತುದಿ ಮುಟ್ಟಿತು. ಒಂದೊಂದೇ ಪರದೆ ಸರಿಯತೊಡಗಿತು. "ನಿನ್ನ ಎತ್ತಿ ಆಡಿಸಿದೋಳು ನಾನು! ಯಾರೋ ಅವಳು?"

"ಕಂದು ಡಬ್ಬಿ ಮಿಸ್ ಕ್ರೂಕ್‌ಶ್ಯಾಂಕ್," ಎಂದು ಡಾಡ್ ಅಭಿಮಾನದಿಂದ ಪರಿಚಯಿಸಿದ.

"ಲೋ, ಅವರಿಗೆ ತೊಂಬತ್ತೊಂದು ವರ್ಷ ಕಣೋ!" ಅಂದ ಮುರ್ಡೋ.

ಮುರ್ಡೋ ನಿಧಾನಕ್ಕೆ ಲಾರಿ ಇಳಿದು ಅಕ್ಕನ ಮುಂದೆ ನಿಂತ. ಅವನ ಮೂಗಿನ ತುದಿಯಿಂದ ಕಾಕಂಬಿ ತೊಟ್ಟಿಕ್ಕುತ್ತಿತ್ತು.

"ಮದ್ವೆ ಇಲ್ಲ ಅಕ್ಕ. ಸಾವೂ ಇಲ್ಲ. ನನ್ನ ಪ್ಯಾಂಟು ಮೆಷೀನಿನಲ್ಲಿ ಸಿಕ್ಕಿಕೊಂಡಿದೆ. ಮೂರೂನೂ."

ಮೊದಲು ನಕ್ಕವನು ಡಾಡ್. ಆಮೇಲೆ ಲಾರಿಯವರೆಲ್ಲ, ಕಿಟಕಿಗಳೆಲ್ಲ, ಕೊನೆಗೆ ಮಿಸೆಸ್ ಲೀಪರ್ ಕೂಡ ತಟ್ಟೆ ಅಲುಗುವಂತೆ ನಕ್ಕರು. ಮುರ್ಡೋನೂ ನಗಲು ನೋಡಿದ. ಇಸಾ ಮಾತ್ರ ನಗಲಿಲ್ಲ.

"ಒಂದು ಫೋನ್ ಮಾಡಕ್ಕೆ ಆಗ್ಲಿಲ್ವೇನೋ?"

"ಎಲ್ಲ ಅಚ್ಚುಕಟ್ಟಾಗಿದೆ ಅಂತ ಹೇಳ್ಬಿಟ್ಟಿದ್ನಲ್ಲ."

"ಅದಕ್ಕೇ ತಾನೇ ನಾನು ಬರ್ಲಿಲ್ಲ. ನಾನು ನಿಂಗೆ ಬೇಡವಾದೆ ಅಂದ್ಕೊಂಡೆ."

ಇಸಾ ಅವನ ಮೈಮೇಲಿನ ಕಸದ ಚೀಲವನ್ನು ಎಳೆದು ಹರಿದಳು. ಕಿಲ್ಟಿನ ಅಂಚಿನ ಮೇಲೆ ಅವಳ ಕಣ್ಣು ಬಿತ್ತು. ಎಡಗಡೆ ಬಲಗಡೆಗಿಂತ ಎರಡು ಬೆರಳು ಕೆಳಗೆ ಜೋತುಬಿದ್ದಿತ್ತು.

"ಬೆಳಗಿಂದ ಹೀಗೇ ಇದ್ಯಾ?"

"ಹೇಗೆ?"

ಅವಳು ತಿರುಗಿ ನಮ್ಮೆಲ್ಲರನ್ನೂ ನೋಡಿದಳು. "ಎಡಗಡೆ ಇಳಿದಿದೆ. ಇಷ್ಟು ಜನ ಇದ್ದೀರಿ. ಬೆಳಗಿಂದ ಕೇಕು ತಿನ್ಸಿದ್ರಿ, ಮಸಿ ಬಳಿದ್ರಿ. ಒಬ್ರಿಗೂ ಇವನಿಗೆ ಹೇಳ್ಬೇಕು ಅನ್ನಿಸ್ಲಿಲ್ವಾ?"

ನಗು ನಿಂತಿತು. ನಾವೆಲ್ಲ ನೋಡಿದ್ದೆವು. ಬೆಳಿಗ್ಗೆ ಅವನು ಬಾಗಿಲಲ್ಲಿ ಕಾಲಿಟ್ಟಾಗಲೇ ನಾನೂ ನೋಡಿದ್ದೆ. ಇಂಥದ್ದನ್ನು ಯಾರಾದರೂ ಮನೆಯವರು ಹೇಳುತ್ತಾರೆ ಎಂದುಕೊಂಡು ಸುಮ್ಮನಿದ್ದೆ. ಇಸಾ ಒದ್ದೆ ರಸ್ತೆಯಲ್ಲೇ ಮಂಡಿಯೂರಿ ಕೂತಳು. ಎಡ ಸೊಂಟದ ಬಕಲ್ಲು ಬಿಚ್ಚಿ, ಪಟ್ಟಿ ಎಳೆದು, "ಈ ತೂತು. ಇದಲ್ಲ, ಇದು. ನೋಡ್ಕೊಂಡ್ಯಾ?" ಎಂದು ಕಟ್ಟಿ, ಅವನನ್ನು ಒಂದು ಸುತ್ತು ಸುತ್ತಿಸಿದಳು. ಪುಕ್ಕ ಉದುರಿಸುತ್ತ ಮುರ್ಡೋ ಸುತ್ತಿದ. ಅವನ ಕಣ್ಣಿನ ಕೆಳಗೆ ಮಸಿಯಲ್ಲಿ ಎರಡು ಗೆರೆ ಇಳಿದಿದ್ದವು. ಕಾಕಂಬಿ ಎಂದು ನಾವೆಲ್ಲ ಅಂದುಕೊಂಡೆವು.

ಇಸಾ ಮೇಲೆ ಹೋಗಿ ಮೆಷೀನಿನ ಬುಡದಲ್ಲಿದ್ದ ಒಂದು ಪುಟ್ಟ ಮುಚ್ಚಳ ತಿರುಗಿಸಿ ನೀರು ಬಿಟ್ಟಳು. ಬಾಗಿಲು ತೆರೆದುಕೊಂಡಿತು. ಪ್ಯಾಂಟು ಹಿಂಡಿದಳು, ಒಲೆಯ ಮೇಲಿದ್ದ ಡಬ್ಬಿಯ ಸೂಪಿನ ಪಾತ್ರೆಯನ್ನು ಮೂಸಿ ನೋಡಿದಳು, ತೊಳೆದಿಟ್ಟಳು. ಕತ್ತಲಾಗುವ ಮೊದಲೇ ಬಸ್ಸಿಗೆ ಹೊರಟಳು. ವಾಲ್ಟರನಿಗೆ ಮೊಟ್ಟೆ ಬೇಯಿಸಲೂ ಬಾರದಂತೆ. ನಿಲ್ದಾಣದಲ್ಲಿ ಮುರ್ಡೋ ಅವಳ ಕೈಚೀಲ ಹಿಡಿದು ನಿಂತಿದ್ದ.

"ಬೇಕಾದಾಗ ಬಾ ಅನ್ನೋ," ಅಂದಳಂತೆ ಇಸಾ. "ನೀನು ಅಂದ್ರೆ ಬರ್ತೀನಿ."

"ಹೂಂ," ಅಂದನಂತೆ ಇವನು.

ಆದರೆ ಹುಟ್ಟುಗುಣ ನೋಡಿ. ವಾರಗಳು ಕಳೆದವು, ಮುರ್ಡೋ ಬಾ ಅನ್ನಲಿಲ್ಲ. ಅನ್ನಲು ಅವನಿಗೆ ಬರುವುದಿಲ್ಲ. ಕಚೇರಿಯಲ್ಲಿ ಕೇಕಿನ ದಿನದ ಗಲಾಟೆ ತಣ್ಣಗಾಯಿತು, ಬೆನ್ನು ತಟ್ಟಿದ ಲೆಕ್ಕದ ವಿಭಾಗದವರು ಮತ್ತೆ ಅವನ ಹೆಸರು ಮರೆತರು. ಅವನು ಬೂದು ಪ್ಯಾಂಟಿನಲ್ಲಿ ಬಂದು, ನೀಲಿಯಾ ಕಂದಾ ಎಂದು ಕೇಳಿ, ಸಂಜೆ ಹೋಗುತ್ತಿದ್ದ. ಉಪದೇಶ ಮಾತ್ರ ಮಾಡುತ್ತಿರಲಿಲ್ಲ. ಅದಿಲ್ಲದೆ ನಮಗೆ ಸೋಮವಾರವೇ ಬೇಸರವಾಗುತ್ತಿತ್ತು.

ಏಪ್ರಿಲ್ ಮುಗಿಯುತ್ತಿದ್ದ ಒಂದು ಸೋಮವಾರ ಅವನು ಮತ್ತೆ ಕಿಲ್ಟು ಉಟ್ಟು ಬಂದ.

ರೋನಾ ಬಾಯಿ ತೆರೆದಳು, ಮುಚ್ಚಿದಳು. ಮಿಸ್ಟರ್ ಪೆನ್‌ರೋಸ್ ತಮ್ಮ ಕೋಣೆಯ ಬಾಗಿಲನ್ನು ಮೆಲ್ಲಗೆ ಒಳಗಿನಿಂದ ಹಾಕಿಕೊಂಡರು. ನಾನು ಮೊದಲು ನೋಡಿದ್ದು ಅಂಚನ್ನು. ನೇರವಾಗಿತ್ತು. ಎಡ ಬಲ ಎರಡೂ ಸಮ.

"ಮೆಷೀನು ಮತ್ತೆ ಕೆಟ್ಟಿತೇನಯ್ಯ?" ಅಂದೆ.

"ಇಲ್ವಲ್ಲ. ಚೆನ್ನಾಗಿ ನಡೀತಿದೆ."

"ಮತ್ತೆ ಪ್ಯಾಂಟು?"

"ಇಸ್ತ್ರಿ ಮಾಡಿ ಬೀರುವಿನಲ್ಲಿಟ್ಟಿದ್ದೀನಿ."

ಇನ್ನೇನು ಕೇಳುವುದು? ಅವನು ಕೂತು, ಕೆಲಸ ಮಾಡದೆ, ಫೋನಿನ ಕಡೆ ನೋಡುತ್ತಿದ್ದ. ಆಮೇಲೆ ತಿಳಿದದ್ದು: ಆ ಬೆಳಿಗ್ಗೆ ಅವನು ಮಿಸೆಸ್ ಲೀಪರ್ ಬಾಗಿಲ ಮುಂದೆ ತುಂಬ ಹೊತ್ತು ಕೆಮ್ಮಿದ್ದನಂತೆ. ಅವರು ತೆರೆಯದಿದ್ದಾಗ ಹಾಲಿನ ಬಾಟಲಿಯನ್ನು ಕಾಲಿನಿಂದ ತಟ್ಟಿ ಸದ್ದು ಮಾಡಿದ್ದನಂತೆ. ಬಾಗಿಲು ತೆರೆದು ಅವರು ಕಣ್ಣರಳಿಸಿದ ಮೇಲೆಯೇ, ತೃಪ್ತಿಯಿಂದ, ಮೆಟ್ಟಿಲಿಳಿದನಂತೆ.

ಫೋನು ಹೊಡೆದುಕೊಂಡಿತು. ಮೊದಲ ಸದ್ದು ಮುಗಿಯುವ ಮುಂಚೆ ಅವನು ಎತ್ತಿದ. ಆ ಕಡೆಯ ದನಿ ನನ್ನ ಮೇಜಿನವರೆಗೂ ಕೇಳುತ್ತಿತ್ತು.

"ಮಿಸೆಸ್ ಲೀಪರ್ ಫೋನ್ ಮಾಡಿದ್ರು. ಮತ್ತೆ ಕಿಲ್ಟು ಉಟ್ಕೊಂಡು ಹೋಗಿದ್ದೀಯಂತೆ! ಏನಾಯ್ತೋ?"

"ಮೆಷೀನು ಅಕ್ಕ. ಕೆಟ್ಟುಹೋಗಿದೆ."

ನಾನು ಕುರ್ಚಿ ಹತ್ತಿರಕ್ಕೆಳೆದು ಕಿವಿಗೊಟ್ಟೆ. ಆಮೇಲೆ ಇಸಾ ಕೇಳಿದಳು, ಈ ಸಲ ಮೆಲ್ಲಗೆ: "ಎಡಗಡೆ ಇಳಿದಿದ್ಯೇನೋ?"

ಮುರ್ಡೋ ಬಗ್ಗಿ ಅಂಚು ನೋಡಿಕೊಂಡ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿ ಹಿಡಿದ. ಎರಡೂ ಕೈಯಿಂದ ಎಡ ಸೊಂಟದ ಬಕಲ್ಲು ಬಿಚ್ಚಿದ. ಪಟ್ಟಿಯನ್ನು ಸಡಿಲ ಮಾಡಿ ತಪ್ಪು ತೂತಿಗೆ ಸಿಕ್ಕಿಸಿದ. ಕಿಲ್ಟು ಎರಡು ಬೆರಳು ಜಾರಿತು.

"ಹೂಂ ಅಕ್ಕ," ಅಂದ. "ತುಂಬಾ ಇಳಿದಿದೆ."